ಕಾಳಿಯ ಕಲ್ಲು, ಅಪ್ಪನ ಗೋಡೆ

ಪದ್ಯವನ್ನು ವಿಮರ್ಶೆ ಮಾಡುತ್ತೇವೆ. ಕಥೆ, ಕಾದಂಬರಿ, ನಾಟಕಗಳನ್ನೂ ಮಾಡುತ್ತೇವೆ. ಮ್ಯೂಸಿಯಮ್ಮನ್ನು ಮಾತ್ರ ಯಾರೂ ವಿಮರ್ಶೆ ಮಾಡುವುದಿಲ್ಲ. ಟಿಕೇಟು ತಗೊಂಡು ಒಳಗೆ ಹೋಗ್ತೀವಿ, ಬಾಯಿ ಬಿಟ್ಕೊಂಡು ನೋಡ್ತೀವಿ, ಹೊರಗೆ ಬಂದು ಕಡ್ಲೆಕಾಯಿ ತಿನ್ತೀವಿ. ಆದರೆ ಮ್ಯೂಸಿಯಂ ಕೂಡ ಯಾರೋ ಬರೆದ ಕೃತಿ. ಏನನ್ನು ಇಡಬೇಕು, ಏನನ್ನು ಬಿಡಬೇಕು, ಯಾವುದಕ್ಕೆ ಗಾಜಿನ ಪೆಟ್ಟಿಗೆ ಕಟ್ಟಬೇಕು ಎಂಬುದನ್ನೆಲ್ಲ ಲೇಖಕ ತನ್ನ ಪುಸ್ತಕದಲ್ಲಿ ತೀರ್ಮಾನ ಮಾಡುವ ಹಾಗೆಯೇ ಅಲ್ಲೂ ಯಾರೋ ತೀರ್ಮಾನ ಮಾಡಿರುತ್ತಾರೆ. ತೀರ್ಮಾನ ಇದ್ದ ಕಡೆ ಪಕ್ಷ ಇರುತ್ತದೆ. ಪಕ್ಷ ಇದ್ದ ಕಡೆ ವಿಮರ್ಶೆ ಬೇಕು.

ಈ ವಿಮರ್ಶೆಗೆ ನನ್ನ ಹತ್ತಿರ ಇರುವ ಆಧಾರ ನಮ್ಮ ಮನೆಯವರು ಬೆಂಗಳೂರು ನೋಡಿದ ಒಂದೇ ಒಂದು ದಿನ. ಅದು ೨೦೧೦ರ ಬೇಸಿಗೆ ರಜ. ಆಗ ನಾನು ಐದನೇ ಕ್ಲಾಸು ಮುಗಿಸಿದ್ದೆ. ಅಪ್ಪ ಬೆಂಗಳೂರಲ್ಲಿ ಗಾರೆ ಕೆಲಸದ ಕೂಲಿ. ಹದಿನೈದು ದಿನಕ್ಕೊಂದು ಸಲ ಊರಿಗೆ ಬರೋನು. ಆ ಸಲ ಬಂದವನು, "ನಡೀರಿ, ಎಲ್ರೂ ಬೆಂಗ್ಳೂರ್ ನೋಡ್ಕ ಬರವ" ಅಂದ. ಅವ್ವ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಳು. ಅವ್ವ, ಅಪ್ಪ, ನಾನು, ತಮ್ಮ ಮದ್ದೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆವು.

೧

ಆ ಹಳಿಯಿಂದಲೇ ಶುರು ಮಾಡುತ್ತೇನೆ. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ಆರಂಭವಾದದ್ದು ೧೮೭೬-೭೮ರ ಮಹಾ ಬರಗಾಲದಲ್ಲಿ. ನಮ್ಮ ಕಡೆಯ ಮುದುಕರು ಧಾತು ಈಶ್ವರ ಬರ ಎನ್ನುತ್ತಿದ್ದದ್ದು ಅದನ್ನೇ. ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಜನ ಆ ಬರದಲ್ಲಿ ಅಳಿದುಹೋದರು. ಹಸಿದವರಿಗೆ ಕೆಲಸ ಕೊಡುವ ನೆಪದಲ್ಲಿ ಮಣ್ಣು ಹೊರಿಸಿ ಈ ದಾರಿ ಹಾಕಲು ತೊಡಗಿದರು. ೧೮೮೨ರಲ್ಲಿ ಅದು ಮೈಸೂರು ಮುಟ್ಟಿತು. ಅವತ್ತು ನಾವು ನಾಲ್ಕು ಜನ ನಗುತ್ತ, ರೊಟ್ಟಿ ತಿನ್ನುತ್ತ ಹೋದದ್ದು ಆ ಹಸಿದವರ ಬೆನ್ನಿನ ಮೇಲೆ. ನನಗೆ ಆಗ ಗೊತ್ತಿರಲಿಲ್ಲ. ಯಾವ ಪಾಠದಲ್ಲೂ ಇರಲಿಲ್ಲ.

ಸ್ಟೇಷನ್ನಿನಿಂದ ಈಚೆ ಬಂದು ಬಸ್‌ಸ್ಟ್ಯಾಂಡ್ ದಾಟಿದರೆ ಉಪ್ಪಾರಪೇಟೆ. ಅಲ್ಲೊಂದು ಹೋಟೆಲಿನಲ್ಲಿ ಅಪ್ಪ ಎಲ್ಲರಿಗೂ ಕಾಫಿ ಕೊಡಿಸಿದ. "ಇದು ಉಪ್ಪಾರ್ರು ಇದ್ದ ಪ್ಯಾಟೆ ಕಣವ್ವಾ" ಅಂದ. "ಈಗ ಅವ್ರೆಲ್ಲಿ?" ಅಂತ ನಾನು ಕೇಳಿದೆ. ಅಪ್ಪ ಸುತ್ತ ನೋಡಿದ. ಲಾಡ್ಜು, ಬಟ್ಟೆ ಅಂಗಡಿ, ಸಿನಿಮಾ ಪೋಸ್ಟರು. "ಎಲ್ಲೋದ್ರೋ" ಅಂದು ಸುಮ್ಮನಾದ.

ಉಪ್ಪಾರರದು ಸೌಳು ಮಣ್ಣನ್ನು ನೀರಲ್ಲಿ ಬಸಿದು ಉಪ್ಪು ತೆಗೆಯುವ ಕಸುಬು. ಕಡಲುಪ್ಪು ರೈಲಿನಲ್ಲಿ ಬಂದು ಬಿದ್ದ ಮೇಲೆ ಆ ಕಸುಬು ಹೋಯಿತು. ಮಣ್ಣು ಅಗೆಯುವುದು, ಗಾರೆ, ಸುಣ್ಣದ ಕೆಲಸ ಉಳಿಯಿತು. ಪಕ್ಕದಲ್ಲೇ ಧರ್ಮಾಂಬುಧಿ ಕೆರೆ ಇತ್ತು. ಒಂದು ಕಾಲಕ್ಕೆ ಪೇಟೆಯ ಜನ ಕುಡಿದದ್ದು ಅದರ ನೀರನ್ನು. ಆ ಕೆರೆ ಒಣಗಿತು. ಅದರ ಅಂಗಳದಲ್ಲೇ ಈಗ ನಾವು ಮೆಜೆಸ್ಟಿಕ್ ಎನ್ನುವ ಬಸ್‌ಸ್ಟ್ಯಾಂಡ್ ಇರುವುದು. ಉಪ್ಪಾರರ ಹೆಸರು ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ಉಳಿದಿದೆ. ಪೇಪರಿನಲ್ಲಿ ಉಪ್ಪಾರಪೇಟೆ ಎಂದು ಓದಿದವರಿಗೆ ನೆನಪಾಗುವುದು ಜೇಬುಗಳ್ಳರು. ಉಪ್ಪು ನೆನಪಾಗುವುದಿಲ್ಲ.

ಅಂದರೆ ಮ್ಯೂಸಿಯಂಗೆ ಹೋಗುವ ಮೊದಲೇ ನಾವು ಒಂದು ಮ್ಯೂಸಿಯಂ ದಾಟಿ ಹೋಗಿದ್ದೆವು. ಅದಕ್ಕೆ ಟಿಕೇಟು ಇರಲಿಲ್ಲ, ಏನೆಂದು ಹೇಳುವ ಫಲಕವೂ ಇರಲಿಲ್ಲ.

೨

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ೧೮೬೫ರಲ್ಲಿ ಶುರುವಾದದ್ದು. ಕೆಂಪು ಬಣ್ಣದ ಈಗಿನ ಕಟ್ಟಡಕ್ಕೆ ಬಂದದ್ದು ೧೮೭೭ರಲ್ಲಿ. ಇಸವಿಯನ್ನು ಗಮನಿಸಬೇಕು. ಹಳ್ಳಿಗಳಲ್ಲಿ ಹೆಣ ಎತ್ತುವವರಿಲ್ಲದ ವರ್ಷದಲ್ಲಿ, ನೋಡತಕ್ಕ ವಸ್ತುಗಳನ್ನು ಜೋಡಿಸಿಡಲು ಬೆಂಗಳೂರಲ್ಲಿ ಚೆಂದದ ಮನೆ ಸಿದ್ಧವಾಯಿತು. ಇದರಲ್ಲಿ ಯಾರದೋ ಸಂಚು ಇತ್ತು ಎಂದು ನಾನು ಹೇಳುತ್ತಿಲ್ಲ. ಒಂದೇ ವರ್ಷದಲ್ಲಿ ಎರಡು ಲೋಕ ಇದ್ದವು, ಒಂದಕ್ಕೆ ಮಾತ್ರ ಚರಿತ್ರೆ ಎಂಬ ಹೆಸರು ಸಿಕ್ಕಿತು ಎನ್ನುತ್ತಿದ್ದೇನೆ.

ಒಳಗೆ ಕತ್ತಿ, ನಾಣ್ಯ, ದೇವರುಗಳು. ಅವ್ವ ಪ್ರತಿ ದೇವರಿಗೂ ಕೈ ಮುಗಿಯುತ್ತ ಹೋದಳು. ಊರಿನ ಗುಡಿಯಲ್ಲಿ ಹೊಸ್ತಿಲಾಚೆ ನಿಂತು ನೋಡುತ್ತಿದ್ದವಳಿಗೆ ಇಲ್ಲಿ ದೇವರು ಒಂದು ಮಾರು ದೂರದಲ್ಲಿ ಸಿಕ್ಕಿದ್ದ. ಮ್ಯೂಸಿಯಮ್ಮಿನ ಪರವಾಗಿ ಈ ಒಂದು ಮಾತನ್ನು ನಾನು ಹೇಳಲೇಬೇಕು. ಪೂಜಾರಿ ಇಲ್ಲದ ಜಾಗದಲ್ಲಿ ನನ್ನವ್ವ ದೇವರ ಮುಖ ನೋಡಿದಳು.

ಅಲ್ಲಿದ್ದ ಕಲ್ಲುಗಳಲ್ಲಿ ಒಂದರ ಮುಂದೆ ತಮ್ಮ ನಿಂತುಬಿಟ್ಟ. ನಾಯಿ, ಹಂದಿ ಕಚ್ಚಾಡುವ ಚಿತ್ರ. "ಏನ್ ಬರ್ದವ್ರೆ, ಓದವ್ವ" ಅಂದ ಅಪ್ಪ. ಓದಿದೆ. ಆತಕೂರಿನ ಕಲ್ಲು. ನಮ್ಮ ಬಾಯಲ್ಲಿ ಆತಗೂರು. ನಮ್ಮ ಮದ್ದೂರು ತಾಲ್ಲೂಕು! ಅಪ್ಪನಿಗೆ ನೆಂಟರು ಸಿಕ್ಕಷ್ಟು ಖುಷಿ. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು, ಅದಕ್ಕೆ ನೆಟ್ಟ ಕಲ್ಲು ಎಂದು ಹೇಳಿದೆ. ಅವ್ವ ಸ್ವಲ್ಪ ಹೊತ್ತು ನೋಡಿ ಹೇಳಿದಳು: "ನಾಯ್ಗೂ ಹೆಸ್ರು ಅದೆ ಕನಾ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯ ಇತ್ತು. ಕೂಲಿ ಪಟ್ಟಿಯಲ್ಲಿ ಅವ್ವನ ಹೆಸರು ಅಪ್ಪನ ಹೆಸರಿನ ಮುಂದೆ 'ಹೆಂಗಸು ೧' ಎಂದು ಇರುತ್ತಿತ್ತು.

ಎಂ.ಎ. ಓದುವಾಗ ಈ ಶಾಸನ ಮತ್ತೆ ಸಿಕ್ಕಿತು. ಕಾಲ ಕ್ರಿ.ಶ. ೯೪೯-೫೦. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಗೆದ್ದ, ಚೋಳರ ರಾಜಾದಿತ್ಯ ಸತ್ತ. ಗಂಗರ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ಸಿಕ್ಕವು. ಬೂತುಗನ ಕಡೆಯ ವೀರ ಮಣಲೆರ. ಮೆಚ್ಚಿದ್ದೇನೆ, ಕೇಳಿಕೋ ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಆತಕೂರಿನಲ್ಲಿ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿದರು. ಆ ಕಲ್ಲಿಗೆ ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ಕೃತಿಯಾಗಿ ನೋಡಿದರೆ ಇದು ದೊಡ್ಡ ಕೃತಿ. ನಾಡು, ಹೊನ್ನು, ಪದವಿ ಎಲ್ಲ ಹಂಚಿಕೆಯಾಗುತ್ತಿರುವಾಗ ಒಬ್ಬ ಮನುಷ್ಯ ನಾಯಿ ಕೊಡಿ ಎನ್ನುತ್ತಾನೆ. ಸಾವಿರ ವರ್ಷದ ಮೇಲೂ ಆ ಪ್ರೀತಿ ನಮ್ಮನ್ನು ಮುಟ್ಟುತ್ತದೆ. ನಮ್ಮ ಪಂಡಿತರು ಈ ಕಲ್ಲನ್ನು ಕೊಂಡಾಡುವುದು ಇದಕ್ಕೇ, ಅದು ತಪ್ಪಲ್ಲ. ನನಗೂ ಕಾಳಿಯ ಮೇಲೆ ಕೋಪವಿಲ್ಲ. ಕಾಳಿ ಕೂಡ ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ದಾಟಿದ ಜೀವವೇ. ಬೇರೆಯವರ ಬೇಟೆಯಲ್ಲಿ ಸತ್ತದ್ದು.

ಆದರೆ ಕೊಂಡಾಟ ಅಲ್ಲಿಗೇ ನಿಂತರೆ ವಿಮರ್ಶೆ ಸತ್ತ ಹಾಗೆ. ರಜಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಈ ಭೂಮಿಯ ವಿಷಯ ಹೇಳಿದೆ. ಅಪ್ಪ ಬೀಡಿ ಆರಿಸಿ ಕೇಳಿದ: "ಸತ್ ನಾಯ್ಗೆ ಬೂಮಿ ಬುಟ್ರಾ? ಸರಿ ಬುಡು. ಅದ್ನ ಉತ್ತೋರು ಯಾರು?"

ಇಷ್ಟು ವರ್ಷ ಹಳಗನ್ನಡ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಗೊರವ ಉಳಲಿಲ್ಲ. ಮಣಲೆರ ಉಳಲಿಲ್ಲ. ಸತ್ತ ನಾಯಿ ಉಳುವುದಿಲ್ಲ. ಯಾರೋ ಉತ್ತಿದ್ದಾರೆ, ಬಿತ್ತಿದ್ದಾರೆ, ಬೆಳೆದದ್ದನ್ನು ಕಲ್ಲಿನ ಪೂಜೆಗೆ ಅಳೆದು ಕೊಟ್ಟಿದ್ದಾರೆ. ಒಡೆಯನ ಪ್ರೀತಿ ಕಲ್ಲಿನ ಮೇಲೆ ಬಂತು. ಆ ಪ್ರೀತಿಗೆ ಅನ್ನ ಹಾಕಿದವನು ಮಣ್ಣಿನಲ್ಲೇ ಹೋದ. ನಮ್ಮಪ್ಪ ಒಂದು ಗುಂಟೆ ಇಲ್ಲದವನು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ನಮ್ಮ ತಾತ ಗೇಣಿದಾರನೂ ಅಲ್ಲ, ಬರೀ ಆಳು. ಉಳುವವನೇ ಒಡೆಯ ಅಂದರು. ನೇಗಿಲು ಹಿಡಿದಿದ್ದ ನಮ್ಮ ತಾತನನ್ನು ಉಳುವವನು ಎಂದು ಯಾರೂ ಬರೆದುಕೊಳ್ಳಲಿಲ್ಲ. ಹಾಗಾಗಿ ಅಪ್ಪನ ಪ್ರಶ್ನೆ ಸಂಶೋಧನೆಯ ಪ್ರಶ್ನೆ ಅಲ್ಲ. ಅವನ ಹೊಟ್ಟೆಯ ಪ್ರಶ್ನೆ.

೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ಅವರು ಬೊಗಸೆ ನೀರು ಎತ್ತಿದಾಗಲೂ ಎದುರಿದ್ದದ್ದು ಇದೇ ವ್ಯವಸ್ಥೆ. ದನ, ನಾಯಿ ಮುಟ್ಟಬಹುದಾದ ನೀರು, ಮನುಷ್ಯ ಮುಟ್ಟುವ ಹಾಗಿರಲಿಲ್ಲ. ಆತಕೂರಿನ ಕಲ್ಲನ್ನೂ ಮಹಾಡಿನ ಕೆರೆಯನ್ನೂ ಒಟ್ಟಿಗೆ ಇಟ್ಟು ಓದದ ವಿಮರ್ಶೆ ನಮಗೆ ಬೇಡ.

೩

ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, ೧೯೬೫ರಲ್ಲಿ ತೆರೆದದ್ದು. ಹೊರಗೆ ಹೊಗೆಬಂಡಿಯ ಇಂಜಿನ್ನು, ವಿಮಾನ. ಒಳಗೆ ಗರಗರ ತಿರುಗುವ ಯಂತ್ರಗಳು. ತಮ್ಮನನ್ನು ಹೊರಗೆ ಎಳೆದು ತರಲು ಆಗಲಿಲ್ಲ. ನನಗೂ ಅದೇ ಇಷ್ಟವಾಯಿತು. ಗುಂಡಿ ಒತ್ತಿದರೆ ಯಾವ ಜಾತಿ ಎಂದು ಕೇಳದೆ ಯಂತ್ರ ತಿರುಗುತ್ತಿತ್ತು.

ಮಂಡ್ಯ ಸೀಮೆಯವರಾದ ನಮಗೆ ವಿಶ್ವೇಶ್ವರಯ್ಯ ಅಂದರೆ ಕನ್ನಂಬಾಡಿ ಕಟ್ಟೆ. ಅಪ್ಪ ಅಲ್ಲಿದ್ದ ಫೋಟೋಕ್ಕೆ ಕೈ ಮುಗಿದ. "ನಾಲೆ ನೀರ್ ತಂದ್ರು" ಅಂದ. ನಿಜ. ಆ ನೀರಿನಿಂದ ಗದ್ದೆ ಬಂತು, ಕಬ್ಬು ಬಂತು, ನಮಗೆ ಕೂಲಿಯೂ ಬಂತು. ಇದನ್ನು ಮುಚ್ಚಿಟ್ಟು ಬೈಯುವುದು ಸುಳ್ಳು ಬಂಡಾಯ. ಆದರೆ ೧೯೧೧ರಲ್ಲಿ ಶುರುವಾದ ಆ ಕಟ್ಟೆಗೆ ಹತ್ತು ಸಾವಿರದಷ್ಟು ಆಳು ದುಡಿದರು. ಕಟ್ಟೆಯ ಕಲ್ಲು ಹಿಡಿದಿರುವುದು ಸುರ್ಕಿ ಗಾರೆಯಲ್ಲಿ. ಆ ಗಾರೆ ಕಲಸಿದ ಕಾಲು ಯಾರದು? ಸುಣ್ಣ ಕಲಸಿದರೆ ಬೆರಳ ಸಂದು ಬಿರಿದು ರಕ್ತ ಬರುತ್ತದೆ. ನಾನು ಪುಸ್ತಕ ನೋಡಿ ಹೇಳುತ್ತಿಲ್ಲ, ನಮ್ಮಪ್ಪನ ಕಾಲು ನೋಡಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಪ್ರಶ್ನೆ ಎದ್ದು ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಆ ವರ್ಷವೇ ದಿವಾನಗಿರಿ ಬಿಟ್ಟರು. ನೀರನ್ನು ಎತ್ತರಕ್ಕೆ ನಿಲ್ಲಿಸಬಲ್ಲ ಮೇಧಾವಿಗೆ, ಸಾವಿರಾರು ವರ್ಷ ತಡೆದು ನಿಲ್ಲಿಸಿದ್ದ ಜನರನ್ನು ಹರಿಯಬಿಡಬೇಕು ಅನ್ನಿಸಲಿಲ್ಲ. ಅಪ್ಪ ಕೈ ಮುಗಿದದ್ದು ನಿಜ, ಇದೂ ನಿಜ. ಎರಡನ್ನೂ ಒಂದೇ ಗೋಡೆಯ ಮೇಲೆ ಬರೆಯುವ ಮ್ಯೂಸಿಯಂ ನಮಗೆ ಬೇಕು.

೪

ಸಂಜೆ ಮುಂದೆ ಅಪ್ಪ, "ಇನ್ನೊಂದ್ ಅದೆ, ಬನ್ನಿ" ಅಂತ ನಡೆಸಿಕೊಂಡು ಹೋದ. ಯಾವುದೋ ಅಡ್ಡರಸ್ತೆ, ಎತ್ತರದ ಹೊಸ ಕಟ್ಟಡ. ಗೇಟಿನಲ್ಲಿದ್ದ ವಾಚ್‌ಮನ್ ಬಡಪಾಯಿ ಉತ್ತರ ಕರ್ನಾಟಕದವನು. "ಒಳಗ ಬಿಡಂಗಿಲ್ರಿ ಅಣ್ಣಾ" ಅಂದ. ಎದುರು ಫುಟ್‌ಪಾತಿನಲ್ಲಿ ನಿಂತೆವು. ಅಪ್ಪ ಬೆರಳು ತೋರಿಸಿ ಹೇಳಿದ: "ಮೂರ್ನೇ ಅಂತಸ್ತು, ಆ ಮೂಲೆ ಗೋಡೆ. ಅದ್ಕೆ ಗಾರೆ ಕಲ್ಸಿ ಹೊತ್ಕೊಟ್ಟಿದ್ದು ನಾನೆಯ."

ನಾಯಿಯ ಕಲ್ಲಿನ ಮುಂದೆ ಬಾಯಿ ಬಿಟ್ಟು ನಿಂತ ನಾನು ಅಪ್ಪನ ಗೋಡೆಯ ಮುಂದೆ ನಾಚಿಕೊಂಡೆ. ಓಡಾಡುವ ಜನ ನೋಡ್ತಾರೆ ಅಂತ ಅವನ ಕೈ ಎಳೆದೆ. "ಸಾಕು ನಡಿಯಪ್ಪ, ರೈಲ್ ಹೋಯ್ತದೆ" ಅಂದೆ. ರೈಲಿಗೆ ಇನ್ನೂ ಎರಡು ಗಂಟೆ ಇತ್ತು.

ಮ್ಯೂಸಿಯಂ ನನಗೆ ಕಲಿಸಿದ್ದು ಇದನ್ನೇ. ಯಾವುದರ ಮುಂದೆ ತಲೆ ಎತ್ತಬೇಕು, ಯಾವುದರ ಮುಂದೆ ತಲೆ ತಗ್ಗಿಸಬೇಕು ಎಂಬುದನ್ನು ಒಂದೇ ದಿನದಲ್ಲಿ ಹತ್ತು ವರ್ಷದ ಹುಡುಗಿಯ ತಲೆಗೆ ತುಂಬಿತು. ಶಾಲೆ ಆಗಲೇ ಅರ್ಧ ತುಂಬಿತ್ತು.

ಕೆಲವರು ವಾದ ಮಾಡುತ್ತಾರೆ: ಕಲ್ಲು ಉಳಿಯುತ್ತದೆ, ಗುದ್ದಲಿಯ ಕಾವು ಗೆದ್ದಲು ತಿನ್ನುತ್ತದೆ, ಉಳಿದದ್ದನ್ನು ತಾನೆ ಇಡಬೇಕು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜನರ ವಸ್ತುಗಳನ್ನು ಉಳಿಸುವ ಕೆಲಸವೂ ನಮ್ಮಲ್ಲಿ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ಮ್ಯೂಸಿಯಂ ಇದೆ. ನಾವು ಹೋದ ಹಾದಿಯಲ್ಲೇ, ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ೧೯೯೪ರಿಂದ ಇದೆ. ದೊಡ್ಡ ಕೆಲಸ. ಆದರೂ ಒಂದು ಅಪಾಯವನ್ನು ಹೇಳಬೇಕು. ಗೋಡೆಗೆ ನೇತುಹಾಕಿದ ತಮಟೆ ತಾನಾಗಿ ಮಾತಾಡುವುದಿಲ್ಲ. ಯಾರು ಬಡಿದರು, ಯಾರ ಹೆಣದ ಮುಂದೆ ಬಡಿದರು, ಬಡಿದದ್ದಕ್ಕೆ ಏನು ಕೊಟ್ಟರು, ಬಡಿಯಲಾರೆ ಎಂದವನಿಗೆ ಏನಾಯಿತು ಎಂದು ಯಾರಾದರೂ ಬರೆಯಬೇಕು. ಬರೆಯದಿದ್ದರೆ ನಮ್ಮ ಬಿಟ್ಟಿ ಚಾಕರಿಯೇ ನೋಡುವವರಿಗೆ ಕಲೆಯಾಗಿ, ಅಲಂಕಾರವಾಗಿ ಕಾಣುತ್ತದೆ.

ಈ ಕೆಲಸವನ್ನು ನಮ್ಮ ಸಾಹಿತ್ಯ ಮಾಡಿದೆಯೆ? ಒಂದು ಕಡೆ ಮಾಡಿದೆ. ದೇವನೂರ ಮಹಾದೇವರ 'ಒಡಲಾಳ' ಬಂತು. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಮಣಲೆರನ ನಾಯಿಗೆ ಕಲ್ಲು ಸಿಕ್ಕಿತು. ಸಾಕವ್ವನ ಹುಂಜಕ್ಕೆ ಕಲ್ಲಿಲ್ಲ, ಭೂಮಿಯಿಲ್ಲ. ಆದರೂ ಆ ಹುಂಜವನ್ನು ಕನ್ನಡ ಮರೆಯಲಾರದು. ಒಡೆಯನ ಪ್ರಾಣಿಯನ್ನು ನೆನೆಯಲು ಅಧಿಕಾರ ಸಾಕು. ಬಡವಿಯ ಹುಂಜವನ್ನು ನೆನೆಯಲು ಬರಹಗಾರನೇ ಬೇಕಾಯಿತು.

ಅನಂತರ ಬಂದ ನಾವು ಏನು ಮಾಡಿದೆವು? ಬೇರೆಯವರನ್ನು ಬೈಯುವ ಮೊದಲು ನನ್ನನ್ನೇ ಹಿಡಿದು ನಿಲ್ಲಿಸುತ್ತೇನೆ. ಕಾಲೇಜಿನಲ್ಲಿ ನಗರದ ಮೇಲೆ ಹತ್ತು ಹನ್ನೆರಡು ಪದ್ಯ ಬರೆದೆ. ನಗರವನ್ನು ರಾಕ್ಷಸಿ ಎಂದೆ. ನಮ್ಮ ಗಂಡು ಕವಿಗಳನ್ನು ನೋಡಿ ಸೂಳೆ ಎಂದೂ ಬರೆದೆ. ಹೆಣ್ಣಾಗಿ ನಾನೇ ಆ ಮಾತು ಬರೆದದ್ದು ಈಗ ನೆನೆದರೆ ಹೇಸಿಗೆಯಾಗುತ್ತದೆ. ಚಪ್ಪಾಳೆ ಬಿತ್ತು. ಒಂದು ಪದ್ಯದಲ್ಲೂ ಆ ಮೂರನೇ ಅಂತಸ್ತಿನ ಮೂಲೆ ಗೋಡೆ ಇಲ್ಲ. ನಗರ ನಮ್ಮನ್ನು ನುಂಗಿತು ಎಂದು ಕೂಗಿದೆವು, ನಗರವನ್ನು ಕಟ್ಟಿದ್ದು ನಾವು ಎಂದು ಹೇಳಲಿಲ್ಲ. ಬರೀ ನುಂಗಿಸಿಕೊಂಡವರಾಗಿ ನಿಂತರೆ ಕನಿಕರ ಸಿಗುತ್ತದೆ. ಕಟ್ಟಿದವರು ಎಂದು ಹೇಳಿದರೆ ಲೆಕ್ಕ ಕೇಳಬೇಕಾಗುತ್ತದೆ. ನಾವು ಲೆಕ್ಕ ಕೇಳಲು ಹೆದರಿದೆವು.

೫

ಮತ್ತೆ ಉಪ್ಪಾರಪೇಟೆಗೆ ಬರುತ್ತೇನೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಹಳೇ ಬೆಂಗಳೂರಿನ ಈ ಹೆಸರುಗಳೆಲ್ಲ ಕಸುಬಿನ ಹೆಸರುಗಳು, ಕಸುಬುದಾರರ ಹೆಸರುಗಳು. ಮ್ಯೂಸಿಯಂ ಮರೆತದ್ದನ್ನು ಪೇಟೆ ನೆನಪಿಟ್ಟುಕೊಂಡಿದೆ ಎಂದು ನಾನು ಸಂತೋಷಪಡುತ್ತಿದ್ದೆ. ಒಂದು ದಿನ ಈ ಹೆಸರುಗಳನ್ನು ಕಾಗದದ ಮೇಲೆ ಸಾಲಾಗಿ ಬರೆದು ನೋಡಿದೆ. ನನಗೆ ಗೊತ್ತಿರುವ ಪೇಟೆಗಳಲ್ಲಿ ಹೊಲೆಯರ ಪೇಟೆ ಇಲ್ಲ. ಮಾದಿಗರ ಪೇಟೆ ಇಲ್ಲ. ಸತ್ತ ದನ ಎಳೆದವರು, ತೊಗಲು ಹದ ಮಾಡಿದವರು, ಹಗೇವು ಬಾವಿ ತೋಡಿದವರು ಇಲ್ಲದೆ ಯಾವ ಪೇಟೆ ನಡೆಯಿತು? ನಮ್ಮ ಕಸುಬು ಒಳಗೆ ಬೇಕಿತ್ತು, ಹೆಸರು ಬೇಕಿರಲಿಲ್ಲ. ಉಪ್ಪಾರರಿಗೆ ಠಾಣೆಯ ಬೋರ್ಡಾದರೂ ಸಿಕ್ಕಿತು. ಪೇಟೆಯ ಈ ಮ್ಯೂಸಿಯಮ್ಮಿನಲ್ಲೂ ಒಂದು ಕೋಣೆಗೆ ಬೀಗ ಹಾಕಿದೆ.

ಹಾಗಾದರೆ ಮ್ಯೂಸಿಯಂ ಒಡೆಯಬೇಕೆ? ಬೇಡ. ಕಾಳಿಯ ಕಲ್ಲು ಅಲ್ಲೇ ಇರಲಿ. ನಮ್ಮ ಮಕ್ಕಳು ಹೋಗಿ ನೋಡಲಿ. ನಾಯಿಯನ್ನು ಅಷ್ಟು ಪ್ರೀತಿಸಬಲ್ಲ ಮನುಷ್ಯರು ಪಕ್ಕದ ಮನುಷ್ಯನನ್ನು ಕಾಣದೆ ಹೇಗೆ ಬದುಕಿದರು ಎಂದು ಕೇಳಲಿ. ಕೇಳುವುದನ್ನು ಕಲಿಸುವ ಕೆಲಸ ನಮ್ಮದು. ಕವಿಗಳಾದ ನಾವು ಒಂದಷ್ಟು ದಿನ ಉಪಮೆಗಳನ್ನು ಬದಿಗಿಟ್ಟು ಫಲಕಗಳನ್ನು ಬರೆಯೋಣ. ಈ ಸೇತುವೆ, ಇಂಥ ವರ್ಷ, ಇಂಥ ಊರಿನವರು, ದಿನಕ್ಕೆ ಇಷ್ಟು ಕೂಲಿ, ಸತ್ತವರು ಇಷ್ಟು ಮಂದಿ. ಇಷ್ಟು ಬರೆದರೆ ಪದ್ಯ ಕೆಡುವುದಿಲ್ಲ.

ಅಪ್ಪ ಈಗ ಗಾರೆ ಹೊರಲಾರ. ಮೊಣಕಾಲು ಬಿದ್ದುಹೋಗಿದೆ. ಹೋದ ತಿಂಗಳು ಊರಿಗೆ ಹೋದಾಗ ಕೇಳಿದೆ: "ಅಪ್ಪ, ಆ ನಿನ್ ಗೋಡೆ ಪಕ್ದಲ್ಲಿ ಒಂದ್ ಬೋರ್ಡ್ ಹಾಕಂಗಿದ್ರೆ ಏನಂತ ಬರೀಲಿ?"

ಅವತ್ತು ನಾನು ಕೈ ಎಳೆದದ್ದು ಅವನಿಗೆ ನೆನಪಿತ್ತೋ ಇಲ್ಲವೋ. ನಾನಂತೂ ಅದನ್ನು ಹೇಳಿ ತಪ್ಪಾಯಿತು ಅನ್ನಬೇಕೆಂದಿದ್ದೆ. ಅಪ್ಪ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಏನೂ ಬರೀಬ್ಯಾಡ," ಅಂದ. "ಆ ಕಡೀಕ್ ಹೋದ್ರೆ ಗಿಲಾವು ಬಿರುಕ್ ಬುಟ್ಟದಾ ನೋಡ್ಕ ಬಾ. ಬುಟ್ಟಿರಕಿಲ್ಲ."